ಪಡಸಾಲಿ ಕಂಬದ ಗೆರೆಗಳು

ಗದಗ ಹತ್ತಿರದ ನಮ್ಮ ಊರಮನೆಯ ಪಡಸಾಲೆಯಲ್ಲಿ ಒಂದು ಸಾಗವಾನಿ ಕಂಬ ಇದೆ. ನಾಗರ ಪಂಚಮಿಗೆ ತವರಿಗೆ ಬಂದ ಅಕ್ಕ-ತಂಗಿಯರ ಮಕ್ಕಳನ್ನು ಅದಕ್ಕೆ ಬೆನ್ನು ಹಚ್ಚಿ ನಿಲ್ಲಿಸಿ, ನೆತ್ತಿಯ ಮೇಲೆ ಪುಸ್ತಕ ಇಟ್ಟು ಪೆನ್ಸಿಲ್‌ನಿಂದ ಗೆರೆ ಎಳೆಯುವುದು ನಮ್ಮಪ್ಪ ಹಾಕಿದ ರೂಢಿ. ಜೋಕಾಲಿಗೆ ಓಡುವ ಅವಸರದಲ್ಲಿ ಮಕ್ಕಳು ಹಿಮ್ಮಡಿ ಎತ್ತಿ ಮೋಸ ಮಾಡುತ್ತಿದ್ದವು. ಅಪ್ಪ ಪಾದ ಹಿಡಿದು ಒತ್ತುತ್ತಿದ್ದರು.

ಅಕ್ಕನ ಮಗಳಿಗೆ ಒಂಬತ್ತು ತುಂಬಿದ ವರ್ಷ ಅವಳಿಗೆ ಮಲಬದ್ಧತೆ, ಒಣಚರ್ಮ, ಎಷ್ಟು ಮಲಗಿದರೂ ಹೋಗದ ನಿದ್ದೆ. ಹುಬ್ಬಳ್ಳಿಯಲ್ಲಿ ಮಕ್ಕಳ ಹಾರ್ಮೋನ್ ತಜ್ಞರೊಬ್ಬರಿಗೆ ತೋರಿಸಿದರು. ಅವರು ಕೇಳಿದ ಮೊದಲ ಪ್ರಶ್ನೆ ಮಲಬದ್ಧತೆಯದ್ದಲ್ಲ. ‘ಹ್ವಾದ ವರ್ಷ ಎತ್ತರ ಎಷ್ಟಿತ್ರೀ? ಅದರ ಹಿಂದಿನ ವರ್ಷ?’ ಅಕ್ಕನಿಗೆ ಗೊತ್ತಿರಲಿಲ್ಲ. ‘ನಮ್ಮ ಮನ್ಯಾಗ ಎಲ್ಲಾರೂ ಗಿಡ್ಡನ ಅದೀವ್ರೀ’ ಎಂದಳು. ಆಮೇಲೆ ಕಂಬದ ನೆನಪಾಗಿ ನನಗೆ ಫೋನ್ ಮಾಡಿದಳು. ನಾನು ಟೇಪ್ ಹಿಡಿದು ಅಳೆದು, ಅಂಕಿಗಳನ್ನು ವಾಟ್ಸಾಪ್ ಮಾಡಿದೆ.

ಐದನೇ ವರ್ಷಕ್ಕೆ 106 ಸೆಂ.ಮೀ., ಆರಕ್ಕೆ 112, ಏಳಕ್ಕೆ 117.5, ಎಂಟಕ್ಕೆ 120.5, ಒಂಬತ್ತಕ್ಕೆ 122. ಪಂಚಮಿ ಚಾಂದ್ರಮಾನದ ಹಬ್ಬವಾದ್ದರಿಂದ ಒಂದು ವರ್ಷ ಹತ್ತು-ಹನ್ನೊಂದು ದಿನ ಹಿಂದೆ, ಮತ್ತೊಂದು ವರ್ಷ ಹದಿನೆಂಟು-ಹತ್ತೊಂಬತ್ತು ದಿನ ಮುಂದೆ ಸರಿಯುತ್ತದಲ್ಲ ಎಂದು ನನಗೊಂದು ಅನುಮಾನ. ಡಾಕ್ಟರು ನಕ್ಕು, ಇಷ್ಟು ಸಿಕ್ಕರೆ ಸಾಕು ಎಂದರಂತೆ.

ಒಂಬತ್ತು ವರ್ಷದ ಹುಡುಗಿಗೆ 122 ಸೆಂ.ಮೀ. ಸ್ವಲ್ಪ ಕಡಿಮೆ, ಆದರೆ ಗಾಬರಿಯಾಗುವಷ್ಟಲ್ಲ. ಡಾಕ್ಟರ ಬೆಳವಣಿಗೆ ಪಟ್ಟಿಯಲ್ಲಿ ಸಾಮಾನ್ಯ ಎತ್ತರದ ಮಿತಿ ತೋರಿಸುವ ಗೆರೆಗಳ ಒಳಗೇ ಅವಳು ಇನ್ನೂ ಇದ್ದಳು. ತರಗತಿಯಲ್ಲಿ ಅವಳಿಗಿಂತ ಗಿಡ್ಡವರಿದ್ದರು. ತಪ್ಪಿದ್ದು ಎತ್ತರವಲ್ಲ, ವೇಗ. ಹುಟ್ಟುವಾಗ ಸುಮಾರು 50 ಸೆಂ.ಮೀ. ಇರುವ ಕೂಸು ಮೊದಲ ವರ್ಷದಲ್ಲಿ 25, ಎರಡನೆಯದರಲ್ಲಿ 12ರ ಆಸುಪಾಸು ಬೆಳೆದು, ನಾಲ್ಕಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಮುಟ್ಟುತ್ತದೆ. ಅಲ್ಲಿಂದ ಹರೆಯ ಬರುವವರೆಗೆ ವರ್ಷಕ್ಕೆ ಐದಾರು ಸೆಂ.ಮೀ. ಗಿಡ್ಡ ಮನೆತನದ ಮಗುವೂ ಈ ಲೆಕ್ಕದಲ್ಲೇ ಬೆಳೆಯುತ್ತದೆ, ಅದರ ಗೆರೆಗಳು ಕೆಳಗಿರಬಹುದು, ಆದರೆ ನಡುವಿನ ಅಂತರ ಕುಗ್ಗುವುದಿಲ್ಲ. ನಮ್ಮ ಕಂಬದ ಮೇಲೆ ಕೊನೆಯ ಎರಡು ಗೆರೆಗಳ ನಡುವೆ ಒಂದು ಬೆರಳು ಇಟ್ಟರೆ ತುಂಬಿಹೋಗುತ್ತಿತ್ತು. ಎರಡು ವರ್ಷದಿಂದ ಗೆರೆಗಳು ಹತ್ತಿರವಾಗುತ್ತಿದ್ದವು, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್, ನೂರನ್ನು ದಾಟಿತ್ತು. ಸಾಮಾನ್ಯವಾಗಿ ಅದು ಐದರ ಕೆಳಗಿರಬೇಕು.

ಗಂಟಲ ಮುಂಭಾಗದಲ್ಲಿ ಪಾತರಗಿತ್ತಿ ರೆಕ್ಕೆ ಬಿಚ್ಚಿ ಕೂತಂತಿರುವ ಥೈರಾಯ್ಡ್ ಗ್ರಂಥಿ ತಯಾರಿಸುವ ಮುಖ್ಯ ಹಾರ್ಮೋನ್ ಥೈರಾಕ್ಸಿನ್. ಅದರ ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿರುತ್ತವೆ. ಆದ್ದರಿಂದಲೇ ಅದಕ್ಕೆ ಟಿ4 ಎಂಬ ಚಿಕ್ಕ ಹೆಸರು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತದಲ್ಲಿ ಟಿ4 ಎಷ್ಟಿದೆಯೆಂದು ಸದಾ ನೋಡುತ್ತಿರುತ್ತದೆ. ಕಡಿಮೆಯಾದರೆ ಟಿಎಸ್‌ಎಚ್ ಕಳಿಸಿ ಥೈರಾಯ್ಡನ್ನು ಎಬ್ಬಿಸುತ್ತದೆ. ಎಬ್ಬಿಸಿದರೂ ಏಳದಿದ್ದರೆ ಇನ್ನಷ್ಟು ಕಳಿಸುತ್ತದೆ. ಹಾಗಾಗಿ ಥೈರಾಯ್ಡ್ ಸೋತಷ್ಟೂ ಟಿಎಸ್‌ಎಚ್ ಏರುತ್ತದೆ. ರಿಪೋರ್ಟ್ ನೋಡಿ ‘ಥೈರಾಯ್ಡ್ ಜಾಸ್ತಿ ಐತಂತ’ ಎನ್ನುವವರೆಲ್ಲ ಇಲ್ಲೇ ಎಡವುತ್ತಾರೆ. ನಮ್ಮ ಹುಡುಗಿಯದು ಹಶಿಮೊಟೊ ಎಂಬ ಕಾಯಿಲೆ. ದೇಹದ ಕಾವಲು ಪಡೆಯೇ ಥೈರಾಯ್ಡನ್ನು ಹೊರಗಿನವನೆಂದು ತಿಳಿದು ಕಡಿಯುತ್ತ ಹೋಗುತ್ತದೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿ ವೈದ್ಯ ಹಕಾರು ಹಶಿಮೊಟೊ ಹೆಸರು ಅದಕ್ಕೆ ಅಂಟಿಕೊಂಡಿದೆ.

ಥೈರಾಕ್ಸಿನ್ ಇಲ್ಲದಿದ್ದರೆ ಎತ್ತರವೇಕೆ ನಿಲ್ಲಬೇಕು? ಉದ್ದ ಎಲುಬುಗಳ ತುದಿಯ ಮೃದ್ವಸ್ಥಿಯ ತಟ್ಟೆಗಳು ಬೆಳೆದು ಎಲುಬಾಗಲು ಅದು ನೇರವಾಗಿ ಬೇಕು. ಜೊತೆಗೆ ಅದು ಕಡಿಮೆಯಾದಾಗ ಪಿಟ್ಯುಟರಿಯಿಂದ ಬರುವ ಬೆಳವಣಿಗೆಯ ಹಾರ್ಮೋನೂ ಇಳಿಯುತ್ತದೆ. ಎರಡೂ ಕಡೆಯಿಂದ ಹೊಡೆತ. ಎಡಗೈಯ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡಿದಾಗ ಅವಳದು ಆರೂವರೆ ಬಂತು. ಅಕ್ಕ ಅತ್ತೇಬಿಟ್ಟಳು. ಡಾಕ್ಟರಿಗೆ ಅದು ಒಳ್ಳೆಯ ಸುದ್ದಿ: ಎಲುಬು ಎಳೆಯದಾಗಿದ್ದರೆ ಬೆಳೆಯಲು ಇನ್ನೂ ಜಾಗ ಉಳಿದಿದೆ ಎಂದರ್ಥ. ಥೈರಾಕ್ಸಿನ್ ಮಾತ್ರೆ ಶುರುವಾದ ಮರುವರ್ಷ ಅವಳು 9 ಸೆಂ.ಮೀ. ಬೆಳೆದಳು.

ಮನೆಯವರು ಎಣಿಸದಿದ್ದ ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ಪ್ರತಿ ವರ್ಷದ ಪ್ರಗತಿಪತ್ರದಲ್ಲಿ ‘ಶಾಂತ ಸ್ವಭಾವ’ ಎಂದು ಬರೆದಿರುತ್ತಿತ್ತು, ಅಂಕಗಳೂ ಚೆನ್ನಾಗಿದ್ದವು. ಮಾತ್ರೆ ತಗೊಂಡ ಮೇಲೆ ‘ಕ್ಲಾಸಿನ್ಯಾಗ ಭಾಳ ಮಾತಾಡ್ತಾಳ್ರಿ’ ಎಂಬ ದೂರು ಬರತೊಡಗಿತು. ಇದು ನಮ್ಮ ಮನೆಯ ಕತೆಯಷ್ಟೇ ಅಲ್ಲ, ಚಿಕಿತ್ಸೆಯ ನಂತರ ಮಗು ತುಂಟನಾಯಿತೆಂದು ಬರುವ ಪಾಲಕರು ವೈದ್ಯರಿಗೆ ಹೊಸಬರಲ್ಲ. ನಾವು ಮೆಚ್ಚಿಕೊಂಡಿದ್ದ ಆ ಶಾಂತಿ ಕಾಯಿಲೆಯದಾಗಿತ್ತು.

ಅದೇ ಮೆಚ್ಚುಗೆ ತೊಟ್ಟಿಲ ಕೂಸಿಗೆ ಇನ್ನೂ ದುಬಾರಿ. ‘ಭಾಳ ಶಾಣ್ಯಾ ಕೂಸು, ಅಳೂದ ಇಲ್ಲ, ಹಾಲಿಗೂ ಏಳೂದಿಲ್ಲ’ ಎಂದು ಬಾಣಂತಿ ಮನೆಯಲ್ಲಿ ಹೊಗಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಹೆಚ್ಚಿನ ಕೂಸುಗಳು ಆರೋಗ್ಯವಾಗಿಯೇ ಇರುತ್ತವೆ. ಆದರೆ ಎಲ್ಲೋ ಒಂದು ಕೂಸು ಥೈರಾಯ್ಡ್ ಇಲ್ಲದೆಯೋ, ಇದ್ದರೂ ಹಾರ್ಮೋನ್ ಕಟ್ಟಲಾರದೆಯೋ ಹುಟ್ಟಿರುತ್ತದೆ. ಜಗತ್ತಿನ ಲೆಕ್ಕ ಎರಡರಿಂದ ನಾಲ್ಕು ಸಾವಿರಕ್ಕೆ ಒಂದು, ಭಾರತದಲ್ಲಿ ಅದಕ್ಕಿಂತ ಹೆಚ್ಚು, ಸಾವಿರದ ಚಿಲ್ಲರೆಗೆ ಒಂದು. ಹುಟ್ಟಿದ ದಿನ ಅದು ಎಲ್ಲ ಕೂಸುಗಳ ಹಾಗೇ ಕಾಣುತ್ತದೆ, ಏಕೆಂದರೆ ಹೊಟ್ಟೆಯಲ್ಲಿದ್ದಾಗ ತಾಯಿಯ ಥೈರಾಕ್ಸಿನ್ ಸ್ವಲ್ಪ ಸಿಕ್ಕಿರುತ್ತದೆ. ವಾರಗಳು ಕಳೆದಂತೆ ಕಾಮಾಲೆ ಇಳಿಯುವುದಿಲ್ಲ, ಅಳು ಗೊಗ್ಗರಾಗುತ್ತದೆ, ನಾಲಿಗೆ ದಪ್ಪಗಾಗುತ್ತದೆ, ಹೊಕ್ಕಳು ಉಬ್ಬುತ್ತದೆ, ಹೊಟ್ಟೆ ಕಟ್ಟುತ್ತದೆ. ಈ ಲಕ್ಷಣಗಳಿಗಾಗಿ ಕಾದು ಕೂತರೆ ತಡವಾಯಿತು. ಮೊದಲ ಎರಡು-ಮೂರು ವರ್ಷ ಮಿದುಳು ಕಟ್ಟುವುದಕ್ಕೆ ಥೈರಾಕ್ಸಿನ್ ಬೇಕೇಬೇಕು, ಆಗ ಕಳೆದುಕೊಂಡದ್ದನ್ನು ಮುಂದೆ ಎಷ್ಟು ಮಾತ್ರೆ ಕೊಟ್ಟರೂ ಮರಳಿ ತರಲಾಗದು.

ಅದಕ್ಕೇ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತದ ಒಂದೆರಡು ಹನಿ ತೆಗೆದುಕೊಳ್ಳುವ ಪರೀಕ್ಷೆ. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ವೈದ್ಯ ಜಾನ್ ದುಸೊ ಥೈರಾಯ್ಡ್ ಕೊರತೆ ಹುಡುಕಲು ಇದನ್ನು ಶುರು ಮಾಡಿದರು. ಹುಟ್ಟಿದ ಕೂಡಲೇ ಎಲ್ಲ ಕೂಸುಗಳಲ್ಲೂ ಟಿಎಸ್‌ಎಚ್ ಒಮ್ಮೆ ಜಿಗಿದು ಇಳಿಯುವುದರಿಂದ ಎರಡು ದಿನ ತುಂಬಿದ ಮೇಲೆ ತೆಗೆಯುವುದು ಒಳ್ಳೆಯದು. ಹೊಕ್ಕುಳಬಳ್ಳಿಯ ರಕ್ತದಲ್ಲೂ ನೋಡುವುದುಂಟು. ಕೊರತೆ ಖಚಿತವಾದರೆ ಎರಡು ವಾರದೊಳಗೆ ಮಾತ್ರೆ ಶುರುವಾಗಬೇಕು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಹನ್ನೆರಡನೆಯದೋ ಹದಿಮೂರನೆಯದೋ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಹೊತ್ತಿಗೆ. ಆ ಗಡಿಬಿಡಿಯಲ್ಲಿ ಆಸ್ಪತ್ರೆಯ ರಿಪೋರ್ಟ್ ತರುವ ಕೆಲಸ ಯಾರದೆಂದು ಮೊದಲೇ ಒಬ್ಬರಿಗೆ ಒಪ್ಪಿಸಿಬಿಡಬೇಕು. ಮಾತ್ರೆ ಪುಡಿ ಮಾಡಿ ಒಂದು ಚಮಚ ಎದೆಹಾಲಿನಲ್ಲೋ ನೀರಿನಲ್ಲೋ ಕಲಸಿ ಕುಡಿಸಿದರೆ ಸಾಕು. ಕಬ್ಬಿಣ, ಕ್ಯಾಲ್ಸಿಯಂ ಔಷಧ ಜೊತೆಗೆ ಕೊಟ್ಟರೆ ಇದು ಮೈಗೆ ಹತ್ತದು, ನಡುವೆ ಕೆಲವು ತಾಸು ಬಿಡಬೇಕು.

ಉಪ್ಪಿನ ಮಾತು ಬಂದೇ ಬರುತ್ತದೆ. ನಮಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷದ್ದು ಕೂಡಿಸಿದರೂ 4 ಗ್ರಾಂ ಆಗುವುದಿಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪು ಹಂಚಿ ಗಳಗಂಡ ಇಳಿಯುವುದನ್ನು ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಉಪ್ಪಿನಕಾಯಿಗೆ ಹರಳುಪ್ಪು ಹಾಕಿದರೆ ಹಾಕಿ, ಪಲ್ಯ-ಸಾರಿಗೆ ಅಯೋಡಿನ್ ಉಪ್ಪನ್ನೇ ಮುಚ್ಚಳದ ಡಬ್ಬಿಯಲ್ಲಿಟ್ಟು ಬಳಸಿ. ಸಜ್ಜಿಯಲ್ಲಿ ಥೈರಾಯ್ಡ್ ಕೆಲಸಕ್ಕೆ ಅಡ್ಡಬರುವ ಅಂಶಗಳಿವೆ ಎಂಬುದು ನಿಜ. ಆದರೆ ಅಯೋಡಿನ್ ಸಾಲುವ ಮನೆಯಲ್ಲಿ ಸಂಕ್ರಾಂತಿಯ ಸಜ್ಜಿ ರೊಟ್ಟಿ ಬಿಡಿಸುವ ಕಾರಣ ನನಗೆ ಕಂಡಿಲ್ಲ. ಹಶಿಮೊಟೊಗೆ ಅಯೋಡಿನ್ ಕೊರತೆಯೂ ಕಾರಣವಲ್ಲ, ರೊಟ್ಟಿಯೂ ಅಲ್ಲ.

ದಪ್ಪಗಾದ ಮಗುವನ್ನು ‘ಥೈರಾಯ್ಡ್ ಇರಬೇಕು’ ಎಂದು ಕರೆತರುವವರೂ ಬಹಳ. ಮೈ ಬರುತ್ತ ಎತ್ತರವೂ ಚೆನ್ನಾಗಿ ಏರುತ್ತಿದ್ದರೆ ಥೈರಾಯ್ಡ್ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಥೈರಾಕ್ಸಿನ್ ಕೊರತೆಯ ಮಗು ಸ್ವಲ್ಪ ತೂಕ ಏರಿದರೂ ಗಿಡ್ಡವಾಗುತ್ತ ಹೋಗುತ್ತದೆ. ಹಾರ್ಮೋನ್ ಹೆಚ್ಚಾದರೆ ಮಗು ಸೊರಗುತ್ತದೆ, ಚಡಪಡಿಸುತ್ತದೆ, ಎದೆ ಬಡಿತ ಜೋರಾಗುತ್ತದೆ. ಇದು ಮಕ್ಕಳಲ್ಲಿ ಕಡಿಮೆ.

ಥೈರಾಯ್ಡ್ ಸರಿ ಇದ್ದೂ ಗೆರೆಗಳು ಹತ್ತಿರವಾಗುತ್ತಿದ್ದರೆ ರಕ್ತಹೀನತೆ, ಗೋಧಿ ಒಗ್ಗದ ಸೀಲಿಯಾಕ್, ಮೂತ್ರಪಿಂಡದ ತೊಂದರೆ ಹುಡುಕಬೇಕು. ಹೆಣ್ಣುಮಗುವಾದರೆ ಒಂದು ಎಕ್ಸ್ ಕ್ರೋಮೋಸೋಮ್ ಕಡಿಮೆಯಿರುವ ಟರ್ನರ್ ಸಿಂಡ್ರೋಮ್ ಕೂಡ. ಬೆಳವಣಿಗೆಯ ಹಾರ್ಮೋನಿನದೇ ಕೊರತೆ ಅಪರೂಪ. 1985ರವರೆಗೆ ಅದನ್ನು ಸತ್ತವರ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮಾರಕ ಮಿದುಳು ರೋಗ ತಗುಲಿದ್ದು ಗೊತ್ತಾದ ವರ್ಷವೇ ಪ್ರಯೋಗಾಲಯದಲ್ಲಿ ತಯಾರಿಸಿದ್ದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈಗ ಇಂಜೆಕ್ಷನ್, ಹೆಚ್ಚಾಗಿ ನಿತ್ಯ ರಾತ್ರಿ. ಹೈಟ್ ಹೆಚ್ಚಿಸುವ ಡಬ್ಬಿ ಪೌಡರಿಗೂ ಇದಕ್ಕೂ ಸಂಬಂಧವಿಲ್ಲ.

ಹೋದ ದೀಪಾವಳಿಗೆ ತಮ್ಮ ಮನೆಗೆಲ್ಲ ಆಯಿಲ್ ಪೇಂಟ್ ಹೊಡೆಸಿದ. ಕಂಬದ ಸರದಿ ಬಂದಾಗ ಅವ್ವ ಪೇಂಟರನ ಮುಂದೆ ನಿಂತು, ‘ಈ ಮಗ್ಗಲಾ ಬಿಡಪಾ’ ಎಂದಳು. ಮೂರು ಬೆರಳು ಅಗಲದ ಹಳೆ ಕಟ್ಟಿಗೆ ಹಾಗೇ ಉಳಿದಿದೆ.