ಟ್ರಿಗರ್ ಹಗುರ ಆಗಬೇಕಾ? ಗಟ್ಟಿ ಸ್ಪ್ರಿಂಗ್ ಹಾಕಿ!

ಗ್ಲಾಕ್ ಪಿಸ್ತೂಲಿನ ಟ್ರಿಗರ್ ಒಂಚೂರು ಹಗುರ ಆಗಬೇಕಾದರೆ ಅದರ ಟ್ರಿಗರ್ ಸ್ಪ್ರಿಂಗ್ ತೆಗೆದು ಅದಕ್ಕಿಂತ ಗಟ್ಟಿಯಾದದ್ದನ್ನು ಹಾಕುತ್ತಾರೆ. ಹೌದು, ಗಟ್ಟಿಯಾದದ್ದೇ. ಮೊದಲ ಸಲ ಕೇಳಿದಾಗ ಯಾರೋ ಉಲ್ಟಾ ಹೇಳ್ತಿದ್ದಾರೆ ಅಂದುಕೊಂಡಿದ್ದೆ.

ಒಳಗೆ ನಡೆಯುವುದು ಒಂಥರಾ ಹಗ್ಗಜಗ್ಗಾಟ. ತೋಟಾದ ಹಿಂಭಾಗಕ್ಕೆ ಬಡಿಯುವ ಮೊಳೆಗೆ ಸ್ಟ್ರೈಕರ್ ಅಂತ ಹೆಸರು. ಅದರ ಸ್ಪ್ರಿಂಗ್ ಟ್ರಿಗರನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಟ್ರಿಗರ್ ಸ್ಪ್ರಿಂಗ್ ಮಾತ್ರ ನಮ್ಮ ಬೆರಳಿನ ಪಕ್ಷ, ಹಿಂದಕ್ಕೆ ಎಳೆಯುತ್ತದೆ. ನಮ್ಮ ಪಕ್ಷದವನು ಬಲಶಾಲಿಯಾದರೆ ನಮಗೆ ಕೆಲಸ ಕಡಿಮೆ, ಅಲ್ವಾ? ಸಾಮಾನ್ಯ ಗ್ಲಾಕ್‌ನಲ್ಲಿ ಬೆರಳು ಹಾಕಬೇಕಾದ ಬಲ ಸುಮಾರು 2.5 ಕಿಲೋ ತೂಕದಷ್ಟು. ನ್ಯೂಯಾರ್ಕ್ ನಗರದ ಪೊಲೀಸರಿಗೆ ಇದು ತೀರಾ ಹಗುರ ಅನಿಸಿತು. ಕೈತಪ್ಪಿ ಗುಂಡು ಹಾರೀತು ಅನ್ನೋ ಭಯ. ಹಾಗಾಗಿ ಟ್ರಿಗರನ್ನು ಮುಂದಕ್ಕೆ ತಳ್ಳುವ ಬೇರೆಯದೇ ಸ್ಪ್ರಿಂಗ್ ಹಾಕಿಸಿ ಅದನ್ನು ಸುಮಾರು 5.5 ಕಿಲೋಗೆ ಏರಿಸಿದರು. ಪಿಸ್ತೂಲಿನ ತೂಕವೇ ಒಂದು ಕಿಲೋ ಇಲ್ಲ, ಅದರ ಟ್ರಿಗರ್ ಎಳೆಯಲು ಐದೂವರೆ ಕಿಲೋ! ಬೆರಳು ಅಷ್ಟು ಜಗ್ಗುವಾಗ ನಳಿಗೆ ಅಲ್ಲಾಡದೆ ಇರಲಿ ಅಂದರೆ ಹೇಗೆ ಸಾಧ್ಯ?

ಸ್ಪ್ರಿಂಗ್‌ನ ನಿಯಮ ಸರಳ. ಎರಡರಷ್ಟು ಒತ್ತಿದರೆ ಎರಡರಷ್ಟು ಬಲದಿಂದ ತಿರುಗಿ ತಳ್ಳುತ್ತದೆ. ಇದನ್ನು ಕಂಡುಹಿಡಿದ ರಾಬರ್ಟ್ ಹುಕ್ ಬೇರೆಯವರು ಕದ್ದಾರು ಅಂತ 1676ರಲ್ಲಿ ಅಕ್ಷರಗಳನ್ನು ಕಲಸಿಟ್ಟು ಒಗಟಿನಂತೆ ಪ್ರಕಟಿಸಿದ, ಎರಡು ವರ್ಷ ಬಿಟ್ಟು ಬಿಡಿಸಿ ಹೇಳಿದ. ನಿಯಮ ಸರಳವಾದರೂ ಸ್ಪ್ರಿಂಗ್‌ನ ಬಿಗಿ ಎಲ್ಲಿಂದ ಬರುತ್ತದೆ ಅನ್ನೋದು ಸ್ವಲ್ಪ ತಮಾಷೆಯ ವಿಷಯ. ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ತಂತಿ 10% ದಪ್ಪ ಆದರೆ ಸ್ಪ್ರಿಂಗ್ 46% ಬಿಗಿ! ಕಣ್ಣಿಗೆ ಒಂದೇ ಥರ ಕಾಣುವ ಎರಡು ಸ್ಪ್ರಿಂಗ್‌ಗಳು ಬೆರಳಿಗೆ ಬೇರೆಬೇರೆ ಅನಿಸುವುದು ಇದಕ್ಕೇ.

ದುಡ್ಡು ಉಳಿಸಲು ಕೆಲವರು ಬೆರಳಿಗೆ ಎದುರಾಗಿ ತಳ್ಳುವ ಹಳೇ ಸ್ಪ್ರಿಂಗನ್ನೇ ಒಂದೆರಡು ಸುತ್ತು ಕತ್ತರಿಸಿ ಹಾಕುತ್ತಾರೆ. ಟಿಕ್ ಟಿಕ್ ಪೆನ್ನಿನ ಸ್ಪ್ರಿಂಗ್ ತೆಗೆದು ಎರಡು ಬೆರಳ ನಡುವೆ ಒತ್ತಿ ನೋಡಿ. ಆಮೇಲೆ ಅದನ್ನು ಅರ್ಧಕ್ಕೆ ಕತ್ತರಿಸಿ ಅಷ್ಟೇ ದೂರ ಒತ್ತಿ. ಸುಮಾರು ಎರಡರಷ್ಟು ಬಲ ಬೇಕಾಗುತ್ತದೆ, ಯಾಕಂದರೆ ಬಾಗುವ ಕೆಲಸ ಹಂಚಿಕೊಳ್ಳಲು ಸುತ್ತುಗಳೇ ಕಡಿಮೆ. ಅಂದರೆ ಕತ್ತರಿಸಿದ ಸ್ಪ್ರಿಂಗ್ ಮೆತ್ತಗಾಗಲಿಲ್ಲ, ಗಿಡ್ಡ ಆಯಿತು, ಬಿಗಿಯೂ ಆಯಿತು. ಆದರೆ ಗೂಡಿನಲ್ಲಿ ಕೂತಾಗ ಮೊದಲಿನಷ್ಟು ಅದುಮಿಸಿಕೊಂಡಿರುವುದಿಲ್ಲವಲ್ಲ, ಹಾಗಾಗಿ ಶುರುವಿನಲ್ಲಿ ಹಗುರ ಅನಿಸುತ್ತದೆ, ಎಳೆಯುತ್ತಾ ಹೋದಂತೆ ಬಲ ಸರಸರ ಏರುತ್ತದೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಟ್ರಿಗರ್ ಇಲ್ಲ.

ಹ್ಯಾಮರ್, ಅಂದರೆ ಸುತ್ತಿಗೆಯಂತೆ ಬಡಿಯುವ ತುಂಡು, ಇರುವ ಪಿಸ್ತೂಲಿನ ಕಥೆ ಬೇರೆ. ಡಬಲ್ ಆಕ್ಷನ್‌ನಲ್ಲಿ ಹ್ಯಾಮರನ್ನು ಹಿಂದಕ್ಕೆ ತಳ್ಳುವುದೂ ಬೆರಳೇ, ಬಿಡುವುದೂ ಬೆರಳೇ. ಹಾಗಾಗಿ ಹ್ಯಾಮರ್ ಸ್ಪ್ರಿಂಗ್‌ನ ಪೂರ್ತಿ ಭಾರ ಬೆರಳಿಗೆ ಬೀಳುತ್ತದೆ. ಬೆರೆಟ್ಟಾ 92 ಇಟ್ಟುಕೊಂಡವರು ಅದೇ ಕಂಪನಿಯ 'ಡಿ' ಮಾದರಿಯ ಮೆತ್ತಗಿನ ಸ್ಪ್ರಿಂಗ್ ತಂದು ಹಾಕಿಕೊಳ್ಳುವುದು ಹಳೇ ಉಪಾಯ, ಎಳೆತ ಚೆನ್ನಾಗಿಯೇ ಇಳಿಯುತ್ತದೆ. ಆದರೆ ಪ್ರೈಮರ್‌ಗೆ, ಅಂದರೆ ತೋಟಾದ ಹಿಂಭಾಗದಲ್ಲಿ ಏಟು ಬಿದ್ದರೆ ಹೊತ್ತಿಕೊಳ್ಳುವ ಪುಟ್ಟ ಬಟ್ಟಲಿಗೆ, ಬಡಿಯುವ ಶಕ್ತಿ ಬರುವುದೂ ಅದೇ ಸ್ಪ್ರಿಂಗ್‌ನಿಂದ. ಅದರ ಬಲ ಐದನೇ ಒಂದು ಪಾಲು ಇಳಿಸಿದರೆ ಹೊಡೆತದ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಕೆಲವು ಪ್ರೈಮರ್‌ಗಳು ಆ ಏಟಿಗೂ ಹೊತ್ತಿಕೊಳ್ಳುತ್ತವೆ. ಗಟ್ಟಿ ಪ್ರೈಮರ್ ಮೇಲೆ ಬರೀ ಒಂದು ಸಣ್ಣ ಗುಳಿ ಬೀಳುತ್ತದೆ, ಗುಂಡು ಹಾರುವುದಿಲ್ಲ. ಸಿಯರ್ ಅಂತ ಹ್ಯಾಮರನ್ನು ತಡೆದು ಹಿಡಿದಿರುವ ಪುಟ್ಟ ತುಂಡೊಂದಿದೆ, ಅದರ ಸ್ಪ್ರಿಂಗ್ ಸಡಿಲ ಮಾಡಿದರಂತೂ ಅಪಾಯ ಉಲ್ಟಾ: ಕೆಳಗೆ ಬಿದ್ದ ಏಟಿಗೆ ಹ್ಯಾಮರ್ ಜಾರಬಹುದು. ಇದು ಪಳಗಿದ ಕೈ ಮಾಡಬೇಕಾದ ಕೆಲಸ, ಸುಮ್ನೆ ಕೂತು ಬಿಚ್ಚಿ ಜೋಡಿಸುವಂಥದ್ದಲ್ಲ.

ಇಷ್ಟಕ್ಕೂ ಬೆರಳಿಗೆ ಗೊತ್ತಾಗುವುದು ಬರೀ ಕಿಲೋ ಲೆಕ್ಕ ಅಲ್ಲ. ಮೊದಲು ಸಡಿಲವಾಗಿ ಒಂದಿಷ್ಟು ದೂರ ಸರಿಯುತ್ತದೆ, ಆಮೇಲೆ ಗೋಡೆಗೆ ತಾಗಿದಂತೆ ನಿಲ್ಲುತ್ತದೆ, ಇನ್ನೊಂಚೂರು ಒತ್ತಿದರೆ ಗಾಜಿನ ಕಡ್ಡಿ ಮುರಿದಂತೆ ಪಟ್ ಅಂತ ಬಿಡುತ್ತದೆ. ಆ ಗೋಡೆಯ ಹತ್ತಿರ ಲೋಹಕ್ಕೆ ಲೋಹ ಉಜ್ಜಿ ತರತರ ಅಂದರೆ ಎಷ್ಟು ಹಗುರವಾಗಿದ್ದರೂ ಹಿತ ಅನಿಸುವುದಿಲ್ಲ, ಅದನ್ನು ಯಾವ ಸ್ಪ್ರಿಂಗೂ ಸರಿಮಾಡದು. ಅದು ಮೇಲ್ಮೈ ನಯದ ಪ್ರಶ್ನೆ. ಇನ್ನೊಂದು, ನಮ್ಮ ಕೈ ತೂಕದ ವ್ಯತ್ಯಾಸವನ್ನು ಗ್ರಾಂ ಲೆಕ್ಕದಲ್ಲಿ ನೋಡದೆ ಎಷ್ಟರಲ್ಲಿ ಎಷ್ಟು ಅಂತ ನೋಡುತ್ತದೆ. 19ನೇ ಶತಮಾನದಲ್ಲಿ ಎರ್ನ್‌ಸ್ಟ್ ವೆಬರ್ ತೂಕ ಎತ್ತಿಸಿ ಇದನ್ನು ತೋರಿಸಿದ. 2.5 ಕಿಲೋ ಟ್ರಿಗರ್‌ನಲ್ಲಿ 100 ಗ್ರಾಂ ಇಳಿದರೆ ಗೊತ್ತಾಗುವುದೇ ಕಷ್ಟ, ಅರ್ಧ ಕಿಲೋದ್ದರಲ್ಲಿ ಅದೇ 100 ಗ್ರಾಂ ತಕ್ಷಣ ಗೊತ್ತಾಗುತ್ತದೆ.

ಅರ್ಧ ಕಿಲೋ ಅಂದದ್ದು ಸುಮ್ನೆ ಅಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ ಅಷ್ಟಿರಬೇಕು ಅಂತ ನಿಯಮ, 25 ಮೀಟರ್ ಪಿಸ್ತೂಲಿಗೆ ಒಂದು ಕಿಲೋ. ಪರೀಕ್ಷೆಯೂ ಚೆನ್ನಾಗಿದೆ: ನಳಿಗೆ ನೇರ ಮೇಲಕ್ಕಿರುವಂತೆ ಪಿಸ್ತೂಲು ಹಿಡಿದು ಟ್ರಿಗರ್‌ಗೆ ಆ ತೂಕ ಸಿಕ್ಕಿಸಿ ಮೆಲ್ಲಗೆ ಎತ್ತುತ್ತಾರೆ. ತೂಕ ಮೇಜು ಬಿಟ್ಟು ಮೇಲೆದ್ದರೆ ಪಾಸು, ಅಷ್ಟರೊಳಗೆ ಟ್ರಿಗರ್ ಬಿಟ್ಟುಕೊಂಡರೆ ಫೇಲು.