ಲಿವರ್ ಕಾಯಿಲೆಗೆ ಮೂಳೆಯ ಔಷಧಿ ಯಾಕೆ?

ಲಿವರ್ ಡಾಕ್ಟರ್ ಮೂಳೆ ಪರೀಕ್ಷೆಗೆ ಬರೆದುಕೊಟ್ಟರೆ ಗಾಬರಿಯಾಗುತ್ತದೆ. ಕೆಟ್ಟಿರುವುದು ಲಿವರ್, ಮೂಳೆಯನ್ನು ಯಾಕೆ ನೋಡಬೇಕು ಅನ್ನಿಸುತ್ತದೆ, ಅಲ್ವಾ?

ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಎಂಬ ಕಾಯಿಲೆ ಇದೆ. ಇದರಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಲಿವರಿನ ಸಣ್ಣ ಪಿತ್ತನಾಳಗಳ ಮೇಲೆ ಬೀಳುತ್ತವೆ. ಹೆಚ್ಚಾಗಿ ಬರುವುದು 40 ದಾಟಿದ ಹೆಂಗಸರಿಗೆ. ಮುಟ್ಟು ನಿಂತು ಮೂಳೆ ತಾನಾಗಿಯೇ ಸವೆಯುವ ಕಾಲವೂ ಅದರ ಹಿಂದೆಯೇ ಬರುತ್ತದೆ. ನಾಳ ಹಾಳಾದರೆ ಪಿತ್ತರಸ ಕರುಳಿಗೆ ಸರಿಯಾಗಿ ಇಳಿಯುವುದಿಲ್ಲ. ಮೂಳೆ ಗಟ್ಟಿಯಾಗಿರಲು ಬೇಕಾದ ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಪಿತ್ತರಸ ಕಡಿಮೆಯಾದರೆ ಅದು ಮೈಗೆ ಹತ್ತುವುದೂ ಕಡಿಮೆ.

ರೋಗನಿರೋಧಕ ಕಣಗಳು ಲಿವರಿನ ಕಣಗಳ ಮೇಲೆಯೇ ಬೀಳುವ ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ ಕಥೆ ಬೇರೆ. ಅಲ್ಲಿ ಲಿವರನ್ನು ಉಳಿಸುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯೇ ಮೂಳೆಯನ್ನು ಸವೆಸುತ್ತದೆ. ಹಾಗಂತ ಹೆದರಿ ಅದನ್ನು ಸುಮ್ನೆ ನಿಲ್ಲಿಸಬೇಡಿ, ಅದು ಇನ್ನೂ ದೊಡ್ಡ ಅಪಾಯ.

ಮೂಳೆಗೆ ಸಾಮಾನ್ಯವಾಗಿ ಕೊಡುವುದು ಅಲೆಂಡ್ರೋನೇಟ್, ವಾರಕ್ಕೊಂದು 70 ಮಿಲಿಗ್ರಾಂ ಮಾತ್ರೆ. ಹಳೆಯ ಮೂಳೆಯನ್ನು ಕರಗಿಸುವ ಕಣಗಳನ್ನು ಅದು ತಡೆಯುತ್ತದೆ. ಲಿವರಿಗೆ ಅದರಿಂದ ಹೊರೆ ಇಲ್ಲ, ಹೊರಹೋಗುವುದು ಕಿಡ್ನಿ ಮೂಲಕ. ತೊಂದರೆ ಇರುವುದು ಅನ್ನನಾಳದಲ್ಲಿ. ಸಿರೋಸಿಸ್ ಆದವರಲ್ಲಿ, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾದವರಲ್ಲಿ, ಅಲ್ಲಿನ ರಕ್ತನಾಳಗಳು ಉಬ್ಬಿಕೊಂಡಿರಬಹುದು. ಮಾತ್ರೆ ಅಲ್ಲೇ ಅಂಟಿಕೊಂಡು ಹುಣ್ಣಾದರೆ ರಕ್ತಸ್ರಾವದ ಭಯ. ಅಂಥವರಿಗೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೋನಿಕ್ ಆಮ್ಲ ವಾಸಿ. ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗಬಾರದು.

ಬಾರ್ಸಿಲೋನಾದ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಇದ್ದ 42 ಹೆಂಗಸರಲ್ಲಿ ಕೆಲವರಿಗೆ ಅಲೆಂಡ್ರೋನೇಟ್, ಉಳಿದವರಿಗೆ ತಿಂಗಳಿಗೊಂದು ಐಬ್ಯಾಂಡ್ರೋನೇಟ್ ಮಾತ್ರೆ ಕೊಟ್ಟರು. ಎರಡರಲ್ಲೂ ಮೂಳೆಯ ಸಾಂದ್ರತೆ ಏರಿತು. ತಪ್ಪದೆ ನುಂಗಿದವರು ಜಾಸ್ತಿ ಇದ್ದದ್ದು ತಿಂಗಳ ಮಾತ್ರೆಯಲ್ಲಿ. ಆದರೆ ಇಷ್ಟು ಕಡಿಮೆ ಜನರಿಂದ ಮೂಳೆ ಮುರಿತ ತಗ್ಗಿತೋ ಇಲ್ಲವೋ ಎಂದು ಹೇಳಲಾಗದು. ಇಂಥ ಕಾಯಿಲೆಗಳಲ್ಲಿ ನಡೆದ ಪ್ರಯೋಗಗಳೆಲ್ಲ ಹೀಗೇ ಚಿಕ್ಕವು, ಅದು ನನಗೆ ಬೇಸರದ ವಿಷಯ.

ನನ್ನ ಮನಸ್ಸನ್ನು ಜಾಸ್ತಿ ಹಿಡಿದದ್ದು ಡೆನೊಸುಮ್ಯಾಬ್. ಆರು ತಿಂಗಳಿಗೊಮ್ಮೆ ಚರ್ಮದಡಿ 60 ಮಿಲಿಗ್ರಾಂ ಚುಚ್ಚುವ ಪ್ರತಿಕಾಯ (ಆಂಟಿಬಾಡಿ) ಇದು. ಅನ್ನನಾಳದ ಗೊಡವೆಯೇ ಇಲ್ಲ. ಮೂಳೆ ಕರಗಿಸುವ ಕಣಗಳನ್ನು ಎಬ್ಬಿಸುವ ರ‍್ಯಾಂಕ್‌ಲಿಗ್ಯಾಂಡ್ ಎಂಬ ಪ್ರೋಟೀನನ್ನು ಇದು ಹಿಡಿದು ಕೂರುತ್ತದೆ. ವಿಶೇಷವೆಂದರೆ, ರೋಗನಿರೋಧಕ ಟಿ ಕಣಗಳೂ ಇದೇ ಪ್ರೋಟೀನನ್ನು ಬಳಸುತ್ತವೆ. ಅದಕ್ಕೇ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯಲ್ಲಿರುವವರಿಗೆ ಇದನ್ನು ಕೊಟ್ಟಾಗ ವೈದ್ಯರು ಸೋಂಕಿನ ಮೇಲೆ ಕಣ್ಣಿಡುತ್ತಾರೆ.

ಡೆನೊಸುಮ್ಯಾಬ್ ಶುರು ಮಾಡುವ ಮುಂಚೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊರತೆ ಸರಿಪಡಿಸಲೇಬೇಕು. ಇಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಮುಂದಿನ ಇಂಜೆಕ್ಷನ್ ಮರೆತರೂ ಅಪಾಯ. ಔಷಧಿಯ ಪ್ರಭಾವ ಇಳಿದ ಕೂಡಲೇ ತಡೆದಿಟ್ಟ ಸವೆತ ಒಮ್ಮೆಲೇ ನುಗ್ಗುತ್ತದೆ, ಬೆನ್ನುಮೂಳೆಯ ಹಲವು ಕಡೆ ಬಿರುಕು ಬಿಟ್ಟ ಉದಾಹರಣೆಗಳಿವೆ. ನಿಲ್ಲಿಸಲೇಬೇಕೆಂದರೆ ಅದರ ಬೆನ್ನಿಗೇ ಜೋಲೆಡ್ರೋನಿಕ್ ಆಮ್ಲದಂಥ ಇನ್ನೊಂದು ಔಷಧಿ ಶುರು ಮಾಡುತ್ತಾರೆ. ಮೊದಲ ಇಂಜೆಕ್ಷನ್ ಹಾಕಿಸಿಕೊಳ್ಳುವ ದಿನವೇ ಈ ವಿಷಯವನ್ನು ಡಾಕ್ಟರ್ ಹತ್ತಿರ ಕೇಳಿ.