ಮೊಬೈಲಿನಲ್ಲಿ ಸರಿಯಿದ್ದ ಕನ್ನಡ ಪ್ರೆಸ್ಸಿನಲ್ಲಿ ಏಕೆ ಕೆಡುತ್ತದೆ?

ಪ್ರಶ್ನೆ: ನಮ್ಮೂರ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣವನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಉಡುಪಿಯ ಪ್ರೆಸ್ಸಿಗೆ ಕಳುಹಿಸಿದೆ. ಅಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದವಂತೆ. ಮತ್ತೆ ಟೈಪ್ ಮಾಡಬೇಕು ಎನ್ನುತ್ತಾರೆ. ನನ್ನಿಂದ ಏನು ತಪ್ಪಾಯಿತು?

ಉತ್ತರ: ನಿಮ್ಮಿಂದ ಏನೂ ತಪ್ಪಾಗಿಲ್ಲ. ದೀಪಾವಳಿ ಕಳೆದು ಜಾತ್ರೆ, ನೇಮ, ಯಕ್ಷಗಾನಗಳ ಕರಪತ್ರದ ಕೆಲಸ ಶುರುವಾದರೆ ಮೇ ಕೊನೆಯಲ್ಲಿ ಉತ್ಸವಗಳ ಋತು ಮುಗಿಯುವ ಪತ್ತನಾಜೆಯವರೆಗೂ ಈ ಪ್ರಶ್ನೆ ನನ್ನ ಮೇಜಿಗೆ ಬರುತ್ತಲೇ ಇರುತ್ತದೆ.

ಮೊಬೈಲಿನಲ್ಲಿರುವುದು ಯೂನಿಕೋಡ್ ಕನ್ನಡ. ಅದರಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಸಂಖ್ಯೆಯಿದೆ. ಪ್ರೆಸ್ಸುಗಳಲ್ಲಿ ಇನ್ನೂ ಉಳಿದಿರುವ, ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರದು. ಅದಕ್ಕೆ ಯೂನಿಕೋಡ್ ತಿಳಿಯದು. ಅಲ್ಲಿ ಬಳಸುವ ಹಳೆಯ ನುಡಿ ಫಾಂಟಿನಲ್ಲಿ ಕನ್ನಡವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿದೆ. ‘ಕ’ ಬರೆಯಲು ದೊಡ್ಡ ‘ಪಿ’ ಇರಬೇಕಾದಲ್ಲಿ ತಲೆಕಟ್ಟಿಲ್ಲದ ಕಕಾರ, ಅದರ ಪಕ್ಕಕ್ಕೆ ಬೇರೊಂದು ಚಿಹ್ನೆಯ ಜಾಗದಿಂದ ತಂದು ಅಂಟಿಸಿದ ತಲೆಕಟ್ಟು. ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಎರಡು ತುಂಡು.

ಇದು ಸೀಸದ ಮೊಳೆ ಜೋಡಿಸುತ್ತಿದ್ದವರ ಕ್ರಮವೇ. ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಬಂದಾಗ ಕೈಬರಹವೇ ಅಚ್ಚಾಗುತ್ತಿತ್ತು, ಅಕ್ಷರವನ್ನು ಒಡೆಯಬೇಕಿರಲಿಲ್ಲ. ಮೊಳೆಗಳು ಅಕ್ಷರವನ್ನೂ ಒತ್ತನ್ನೂ ಬೇರೆ ಮಾಡಿದವು, ಹಳೆಯ ಫಾಂಟುಗಳು ಅದನ್ನೇ ಮುಂದುವರಿಸಿದವು.

ಯೂನಿಕೋಡಿನಿಂದ ನುಡಿಗೆ ಬದಲಿಸುವ ಪರಿವರ್ತಕಗಳಿವೆ, ಪೂರ್ತಿ ಮರುಟೈಪ್ ಬೇಕಿಲ್ಲ. ಆದರೆ ಅರ್ಕಾವೊತ್ತಿನ ಮೇಲೆ ಕಣ್ಣಿಡಿ. ‘ಸೂರ್ಯ’ದಲ್ಲಿ ಯೂನಿಕೋಡ್ ಉಚ್ಚಾರದಂತೆ ರಕಾರವನ್ನು ಮೊದಲು ಇಡುತ್ತದೆ, ಹಳೆಯ ಫಾಂಟು ಕಾಣುವಂತೆ ಅರ್ಕಾವೊತ್ತನ್ನು ಕೊನೆಯಲ್ಲಿ ಇಡುತ್ತದೆ. ಪರಿವರ್ತನೆ ಎಡವುವುದು ಇಂಥಲ್ಲೇ. ನಮ್ಮ ಆಮಂತ್ರಣಗಳಲ್ಲಂತೂ ಅರ್ಚಕರು, ಕಾರ್ಯದರ್ಶಿ, ಧರ್ಮದರ್ಶಿ, ಕಾರ್ಯಕ್ರಮ, ಎಲ್ಲದರಲ್ಲೂ ಅರ್ಕಾವೊತ್ತೇ!

ಪ್ರೆಸ್ಸಿನವರಲ್ಲಿ ನನ್ನ ಕೋರಿಕೆ: ದಯವಿಟ್ಟು ಯೂನಿಕೋಡಿಗೆ ಬನ್ನಿ. ನೀವು ನುಡಿಯಲ್ಲಿ ಬಳಸುವ, ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅಲ್ಲಿಯೂ ನಡೆಯುತ್ತದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಪೇಜ್‌ಮೇಕರ್‌ನ ಬದಲಿಗೆ ಬಂದ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಆಯ್ಕೆಯನ್ನು ಆರಿಸಿದರೆ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಆರಿಸದಿದ್ದರೆ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಅಲ್ಲಿಯವರೆಗೆ ನೀವು ಅಚ್ಚಿಗೆ ಒಪ್ಪಿಗೆ ಕೊಡುವ ಮೊದಲು ಪಿಡಿಎಫ್ ಕೇಳಿ ತರಿಸಿಕೊಳ್ಳಿ. ಹೆಸರುಗಳನ್ನು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲದೊಂದಿಗೆ ತಾಳೆ ನೋಡಲಿ.